ದಂಡಖರ್ಚಿನ ಟಾಂಗಾ

ನಮ್ಮ ಮನೆಯವರು ಎರಡನೆಯ ಚಹಾ ಬಿಟ್ಟ ಒಂಬತ್ತನೆಯ ದಿನ ನೆಲದಿಂದ ಒಂದು ಬೆರಳು ಮೇಲೆದ್ದರು. ಹಿತ್ತಲಲ್ಲಿ ಹಲ್ಲುಜ್ಜುತ್ತ ನಿಂತಿದ್ದವರು ಬಾಯಿತುಂಬ ನೊರೆ ಇಟ್ಟುಕೊಂಡೇ ನನ್ನನ್ನು ಕರೆದು, "ನೀಲಾ, ಇಲ್ಲೆ ಬಾ, ನನ್ನ ಚಪ್ಪಲಿ ಕೆಳಗ ಉಳದಾವು ನೋಡು," ಎಂದರು. ಬಗ್ಗಿ ನೋಡಿದೆ. ಚಪ್ಪಲಿ ಎರಡೂ ಹಾಸುಗಲ್ಲಿನ ಮೇಲೆ ಜೋಡಿಯಾಗಿ ಕೂತಿದ್ದವು. ಪಾದಗಳು ಅವುಗಳ ಮೇಲೇ ಇದ್ದವು, ಮುಟ್ಟಿರಲಿಲ್ಲ ಅಷ್ಟೆ. ನಡುವಿನ ಸಂದಿಯಲ್ಲಿ ಒಂದು ಇರುವೆ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ, ಹಂಚಿನ ಮೇಲಿದ್ದ ರೊಟ್ಟಿ ಮರೆತೇ ಹೋಗಿ ಕರಕಾಯಿತು.

ಎರಡನೆಯ ಚಹಾ ದಂಡಖರ್ಚು ಎಂದು ನಾನು ಹೇಳುತ್ತಲೇ ಇದ್ದೆ. ಅದಿಲ್ಲದಿದ್ದರೆ ಕುಂಚ ಹಿಡಿದ ಕೈ ನಡುಗುತ್ತದೆ ಎಂದು ಅವರು ವಾದಿಸುತ್ತಿದ್ದರು. ಅವರು ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್, ಭದ್ರಪ್ಪ ಪೇಂಟರ್ ಎಂದರೆ ಎಲ್ಲರಿಗೂ ಗೊತ್ತು. ಬೇರೆ ಊರಿನಲ್ಲಾಗಿದ್ದರೆ ಈ ವಾದ ನಾವಿಬ್ಬರೂ ಮುದುಕರಾಗುವ ತನಕ ನಡೆಯುತ್ತಿತ್ತು. ನಮ್ಮ ಊರಿನಲ್ಲಿ ಆ ತಾಪತ್ರಯವಿಲ್ಲ. ಬೇಡದ ಖರ್ಚು ಬಿಟ್ಟರೆ ಮನುಷ್ಯ ಮೇಲೇಳುತ್ತಾನೆ. ಬೇಕಾದ ಖರ್ಚು ಬಿಟ್ಟರೆ ಬರೀ ಹೊಟ್ಟೆ ಹಸಿಯುತ್ತದೆ, ಕಾಲು ನೆಲ ಬಿಡುವುದಿಲ್ಲ. ದಂಡಖರ್ಚು ಮಾಡಿದರೆ ಮಾಡಿದಷ್ಟು ಕೆಳಗೆ ಬರುತ್ತಾನೆ. ಕಿಸೆಯಲ್ಲಿ ಕಲ್ಲು ಹಾಕಿಕೊಂಡು ಮೋಸ ಮಾಡೋಣವೆಂದರೆ ಕಲ್ಲೂ ಜೊತೆಗೆ ಏಳುತ್ತದೆ.

ಊರು ಇದಕ್ಕೆ ಎಂದೋ ಹೊಂದಿಕೊಂಡಿದೆ. ಕಿರಾಣಿ ಅಂಗಡಿಗಳ ಮುಂದೆ ಹಿಡಿದುಕೊಳ್ಳಲು ಅಡ್ಡ ಸರಳು ಹಾಕಿಸಿದ್ದಾರೆ. ಕ್ಷೌರದ ಅಂಗಡಿಯವನು ಮೇಲಿದ್ದವರಿಗಾಗಿ ಬೇರೆ ಸ್ಟೂಲು ಇಟ್ಟಿದ್ದಾನೆ, ತಾನು ಹತ್ತಿ ನಿಲ್ಲಲು. ಹೆಣ್ಣು ನೋಡಲು ಬಂದವರು ಮುಖಕ್ಕಿಂತ ಮೊದಲು ಹೆಣ್ಣಿನ ಅಪ್ಪನ ಹಿಮ್ಮಡಿ ನೋಡುತ್ತಾರೆ. ಒಂದು ಗೇಣು ಮೇಲಿದ್ದರೆ ನಾಲ್ಕು ಕಾಸು ಕೂಡಿಟ್ಟವನು ಎಂದು ಅರ್ಥ, ಮೊಳ ದಾಟಿದ್ದರೆ ಬಿಚ್ಚುವವನಲ್ಲ ಎಂದು ಅರ್ಥ. ಹೋದ ಆಷಾಢದಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರು ಗಾಳಿಗೆ ಹಾರಿ, ಮೂರು ಓಣಿ ದಾಟಿ, ಗುರುತಿಲ್ಲದವರ ಮಾಳಿಗೆಯ ಮೇಲೆ ಒಣಹಾಕಿದ್ದ ಶಾವಿಗೆಯ ನಡುವೆ ಹೋಗಿ ಕೂತಿದ್ದರು. ಮನೆಯವರು ಬೈಯಲಿಲ್ಲ, ಚಹಾ ಕೊಟ್ಟರು. ಮಾಸ್ತರರು ಧೈರ್ಯವಾಗಿ ಕುಡಿದರು. ಪುಕ್ಕಟೆ ಚಹಾ ಯಾರನ್ನೂ ಕೆಳಗಿಳಿಸುವುದಿಲ್ಲ.

ನಾವು ಉಳಿತಾಯಕ್ಕೆ ಬಿದ್ದದ್ದು ಒಂದು ಕುದುರೆಯ ಸಲುವಾಗಿ. ನಾನು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತೇನೆ. ರೊಟ್ಟಿಯ ಬುಟ್ಟಿಯ ಜೊತೆ ನನ್ನನ್ನು ದಿನಾ ಪೇಟೆಗೆ ಒಯ್ಯುತ್ತಿದ್ದದ್ದು ದಸ್ತಗೀರ ಕಾಕಾನ ಟಾಂಗಾ. ಊರಿನಲ್ಲಿ ಉಳಿದಿದ್ದ ಕಡೆಯ ಟಾಂಗಾ ಅದು, ಕುದುರೆಯ ಹೆಸರು ಚಮೇಲಿ. ಒಂದು ದಿನ ಕಾಕಾ ಬೀಡಿ ಹಚ್ಚಲು ಲಗಾಮನ್ನು ನನ್ನ ಕೈಗೆ ಕೊಟ್ಟ. "ಬರೇ ಹಿಡಕೊ ತಂಗಿ, ಮತ್ತೇನೂ ಮಾಡಬ್ಯಾಡ," ಎಂದ. ನಾನು ಏನೂ ಮಾಡಲಿಲ್ಲ. ಚಮೇಲಿಯೇ ಕಿವಿ ಹಿಂದಕ್ಕೆ ತಿರುಗಿಸಿತು, ಹಿಡಿದವರು ಹೊಸಬರು ಎಂದು ತಿಳಿಯಿತೋ ಏನೋ, ಬಜಾರದ ಇಳಿಜಾರಿನಲ್ಲಿ ಓಟಕ್ಕೆ ಬಿತ್ತು. ಬುಟ್ಟಿ ಎಗರಿತು. ನನ್ನ ಹೊಟ್ಟೆಯಲ್ಲಿಯೂ ಏನೋ ಎಗರಿತು. ಬಾಯಿ ಬಿಟ್ಟು ನಕ್ಕೆ, ನಲವತ್ತೊಂದು ವಯಸ್ಸಿನ ಹೆಂಗಸು, ನಡುಬಜಾರದಲ್ಲಿ, ಬಳೆ ಅಂಗಡಿಯವನೂ ಪೋಸ್ಟಿನವನೂ ನೋಡುತ್ತಿರುವಾಗ. ಕಾಕಾ ಬೀಡಿ ಸೇದಿ ಮುಗಿಸಿ ಕೈ ಚಾಚಿದಾಗ ಲಗಾಮು ವಾಪಸು ಕೊಡಲು ನನಗೆ ನಿಜಕ್ಕೂ ಸಂಕಟವಾಯಿತು. ಆಮೇಲೆ ರೊಟ್ಟಿ ಬಡಿಯುವಾಗಲೂ ಆ ಇಳಿಜಾರೇ ಕಣ್ಣ ಮುಂದೆ.

ಯುಗಾದಿ ಕಳೆದ ಮೇಲೆ ಕಾಕಾ ಹೇಳಿದ, ತಾನು ಮಗಳ ಊರಿಗೆ ಹೋಗಿ ಇರುತ್ತೇನೆ, ಟಾಂಗಾ ಮಾರುತ್ತೇನೆ ಎಂದು. ದೂರದ ಊರಿನ ಬ್ಯಾಂಡ್ ಕಂಪನಿಯ ಮಾಲಕನೊಬ್ಬ ಆಗಲೇ ಕೇಳಿಕೊಂಡು ಬಂದಿದ್ದನಂತೆ. ಗಾಡಿ ಒಡೆದು ಕಟ್ಟಿಗೆ ಮಾಡುತ್ತಾನೆ, ಚಮೇಲಿಯನ್ನು ಮದುವೆ ಮೆರವಣಿಗೆಯಲ್ಲಿ ಪಟಾಕಿಯ ನಡುವೆ ಕುಣಿಸುತ್ತಾನೆ. ಚಮೇಲಿ ಯಾರಾದರೂ ಡಬ್ಬಿ ಬೀಳಿಸಿದರೂ ಬೆಚ್ಚುವ ಕುದುರೆ. "ಅಂವಾ ಕೊಡೂವಷ್ಟ ನೀ ಕೊಟ್ರ ನಿನಗ ಕೊಡ್ತೀನಿ ತಂಗಿ. ದಸರಾ ತನಕ ಕಾಯ್ತೀನಿ. ಮುಂದ ನನ್ನ ಕೈಯಾಗಿಲ್ಲ," ಎಂದ. ಬೆಲೆ ಇಪ್ಪತ್ತೊಂದು ಸಾವಿರ. ನಮ್ಮ ಮನೆಯಲ್ಲಿ ಇಪ್ಪತ್ತೊಂದು ಸಾವಿರ ಒಟ್ಟಿಗೆ ಇದ್ದದ್ದು ನಮ್ಮ ಮದುವೆಯ ದಿನ ಮಾತ್ರ, ಅದೂ ಮಧ್ಯಾಹ್ನದ ತನಕ.

ಅತ್ತೆ ಗೌರವ್ವ ಈ ಮಾತು ಕೇಳಿ ಊಟದ ತಟ್ಟೆ ಬದಿಗೆ ಸರಿಸಿದರು. "ಏನಂದಿ? ಕುದುರಿ?"

"ಹೌದ್ರಿ ಅತ್ತಿ. ರೊಟ್ಟಿ ಒಯ್ಯಾಕ."

"ರೊಟ್ಟಿ ಬುಟ್ಟಿ ಹೊರಾಕ ಕುದುರಿ ಬೇಕೇನವಾ? ಆಟೋದಾಗ ಇಟ್ರ ಹತ್ತು ನಿಮಿಷಕ್ಕ ಮುಟ್ಟತೈತಿ."

"ಆಟೋದ ಬಾಡಿಗಿ ಉಳೀತೈತ್ರಿ. ಸಾಲಿ ಹುಡುಗರನ್ನ ಒಯ್ಯಬಹುದು. ಲದ್ದಿ ಗೊಬ್ಬರ ಆಗತೈತಿ."

"ಲದ್ದಿ ಸಲುವಾಗಿ ಇಪ್ಪತ್ತೊಂದ ಸಾವಿರ. ದಂಡ, ಶುದ್ಧ ದಂಡ," ಎಂದು ಅತ್ತೆ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡು ಹೊಟ್ಟೆತುಂಬ ಉಂಡರು. ನಾನು ಬಿಡಲಿಲ್ಲ. ಅಂದಿನಿಂದ ಆರು ತಿಂಗಳು ನಮ್ಮ ಮನೆಯಲ್ಲಿ ಎರಡೇ ಮಾತು: ನಾನು ಟಾಂಗಾ ಅವಶ್ಯ ಎನ್ನುವುದು, ಅತ್ತೆ ದಂಡ ಎನ್ನುವುದು. ನಮ್ಮ ಮನೆಯವರು ಯಾರ ಪಕ್ಷವನ್ನೂ ಹಿಡಿಯದೆ, "ಕುದುರಿ ಹೆಸರು ಗಾಡಿ ಮ್ಯಾಲೆ ಬರದ್ರ ಚೆಂದ ಕಾಣ್ತೈತಿ," ಎಂದಷ್ಟೇ ಹೇಳಿ ಎರಡನೆಯ ಚಹಾ ಬಿಟ್ಟರು. ಅದಕ್ಕೇ ಆ ಇರುವೆಯನ್ನು ನೋಡಿ ನನಗೆ ಅಷ್ಟು ಖುಷಿಯಾದದ್ದು.

ಆಮೇಲೆ ನನ್ನ ಕೈಗೆ ತಡೆಯೇ ಇರಲಿಲ್ಲ. ಸಂಜೆಯ ಮಿರ್ಚಿ ಭಜಿ ಹೋಯಿತು. ಎರಡು ಪೇಪರಿನಲ್ಲಿ ಒಂದು ಹೋಯಿತು. ಅವರು ಅದನ್ನು ಓದುತ್ತಲೇ ಇರಲಿಲ್ಲ, ತಲೆಬರಹದ ಅಕ್ಷರಗಳ ಬಳುಕು ನೋಡಿ ಮಡಚಿ ಇಡುತ್ತಿದ್ದರು. ಕಾಯಿಪಲ್ಯೆ ತರಲು ಹೋಗಿ ಮೂರು ಓಣಿಗೆ ಆಟೋ ಹತ್ತುವುದು ಹೋಯಿತು. ಟಿವಿಯ ಪ್ಯಾಕೇಜಿನಲ್ಲಿ ನಾವ್ಯಾರೂ ನೋಡದ ಎಪ್ಪತ್ತು ಚಾನೆಲ್ ಇದ್ದವು, ತೆಗೆಸಿದ ದಿನ ನಾನು ಒಮ್ಮೆಲೇ ಎರಡು ಬೆರಳು ಎದ್ದು ಕಪಾಟಿನ ಮೇಲಿನ ಧೂಳು ಮೊದಲ ಸಲ ನೋಡಿದೆ. ಪ್ರತಿ ಸೋಮವಾರ ಹಸಿರು ಬಳೆ ಇಡಿಸಿಕೊಳ್ಳುವ ಚಟವಿತ್ತು ನನಗೆ, ಅದನ್ನೂ ಬಿಟ್ಟೆ, ಸಿಟ್ಟಿನಿಂದಲೇ ಬಿಟ್ಟೆ, ಆದರೂ ಎದ್ದೆ. ಒಮ್ಮೊಮ್ಮೆ ಲೆಕ್ಕ ತಪ್ಪುತ್ತಿತ್ತು. ತಲೆಗೆ ಎಣ್ಣೆ ದಂಡ ಎಂದುಕೊಂಡು ಹದಿನೈದು ದಿನ ಬಿಟ್ಟು ನೋಡಿದೆ. ಕೂದಲು ಕಸಬರಿಗೆಯಂತಾಯಿತು, ಕಾಲು ಮಾತ್ರ ನೆಲ ಕಚ್ಚಿಕೊಂಡೇ ಇತ್ತು. ಅವಶ್ಯ ಎಂದು ಗೊತ್ತಾಗಿ ಮತ್ತೆ ಹಚ್ಚಿದೆ.

ಅತ್ತೆಯ ತಪಕೀರಿನ ಡಬ್ಬಿಯ ಮೇಲೆ ನನಗೆ ಮೊದಲಿನಿಂದಲೂ ಕಣ್ಣಿತ್ತು. ವಾರಕ್ಕೊಂದು ಡಬ್ಬಿ ಮೂಗಿಗೆ ಏರಿಸುವುದು ದಂಡವಲ್ಲದೆ ಮತ್ತೇನು ಎಂದು ಕೇಳಿದೆ. "ಪರೀಕ್ಷಾ ಮಾಡೂಣಲ್ಲ," ಎಂದರು ಅತ್ತೆ. ಹನ್ನೊಂದು ದಿನ ಡಬ್ಬಿ ಮುಟ್ಟಲಿಲ್ಲ. ದಿನಾ ಬೆಳಿಗ್ಗೆ ಪಡಸಾಲೆಯ ನಡುವೆ ನಿಂತು ಸೀರೆ ಎತ್ತಿ ಪಾದ ತೋರಿಸುತ್ತಿದ್ದರು, ನಾನು ಮಂಡಿಯೂರಿ ಹಿಮ್ಮಡಿಯ ಕೆಳಗೆ ದಾರ ಎಳೆದು ನೋಡುತ್ತಿದ್ದೆ. ದಾರ ಹೋಗಲಿಲ್ಲ. ಕೂದಲೆಳೆಯಷ್ಟೂ ಏಳಲಿಲ್ಲ ಮುದುಕಿ. ಹನ್ನೆರಡನೆಯ ದಿನ ಡಬ್ಬಿ ತೆಗೆದು ಮೂಗಿನ ಎರಡೂ ಹೊಳ್ಳೆಗೆ ಏರಿಸಿ, ಓಣಿಗೆಲ್ಲ ಕೇಳುವಂತೆ ನಾಲ್ಕು ಸಲ ಸೀನಿ, "ನೋಡಿದಿ? ಇದು ಬೇಕಾದ್ದು. ನಿನ್ನ ಕುದುರಿ ಬ್ಯಾಡಾದ್ದು," ಎಂದರು. ಆ ದಿನ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಶ್ರಾವಣದ ಹೊತ್ತಿಗೆ ನಾನು ಒಂದು ಗೇಣು, ನಮ್ಮ ಮನೆಯವರು ಒಂದೂವರೆ ಗೇಣು ಮೇಲಿದ್ದೆವು. ರೊಟ್ಟಿ ಬಡಿಯುವುದೇ ಕಷ್ಟವಾಯಿತು. ಹಿಟ್ಟಿಗೆ ಒಂದು ಏಟು ಹಾಕಿದರೆ ನಾನೇ ಮೇಲೆ ಹೋಗುತ್ತಿದ್ದೆ, ರೊಟ್ಟಿ ತೆಳ್ಳಗಾಗುತ್ತಿರಲಿಲ್ಲ. ಕೊನೆಗೆ ಸೆರಗನ್ನು ಅಡಿಗೆಮನೆಯ ಕಂಬಕ್ಕೆ ಬಿಗಿದುಕೊಂಡು ಬಡಿದೆ. ಅವರಿಗೆ ಮಾತ್ರ ಸುಗ್ಗಿ. ಏಣಿ ಬೇಕಿಲ್ಲ, ಏಣಿ ಹಿಡಿಯುವವನೂ ಬೇಕಿಲ್ಲ. ದರ್ಜಿಯ ಅಂಗಡಿಯ ಬೋರ್ಡಿನ ಮೇಲಂಚಿನಲ್ಲಿ ಯಾರೂ ಕೇಳದೆಯೇ ಒಂದು ನವಿಲು ಬರೆದು ಬಂದರು. ಒಂದು ಮಧ್ಯಾಹ್ನ ಇಬ್ಬರೂ ಒಂದೇ ಬಾಗಿಲಲ್ಲಿ ಸಿಕ್ಕಿಬಿದ್ದೆವು. ಒಬ್ಬರಿಗೊಬ್ಬರು ದಾರಿ ಬಿಡಲು ಹೋಗಿ ಗಿರಗಿರ ತಿರುಗಿ, ಅವರ ತಲೆ ಮೇಲಿನ ನಾಗಂದಿಗೆಯ ಹಲಗೆಗೆ ಬಡಿದು, ಉಪ್ಪಿನಕಾಯಿ ಭರಣಿಯ ಮುಚ್ಚಳ ನನ್ನ ಕೈಗೆ ಬಂತು. ನೆಲದ ಮೇಲಿದ್ದಾಗ ನಾವು ಹೀಗೆ ನಕ್ಕಿದ್ದು ನನಗೆ ನೆನಪಿಲ್ಲ. ಅತ್ತೆ ಕೆಳಗೆ ಕೂತು ಅವರೆ ಸುಲಿಯುತ್ತ, "ಇಬ್ಬರಿಗೂ ಮೈಮ್ಯಾಲೆ ಖಬರಿಲ್ಲ," ಎಂದು ಗೊಣಗಿದರು. ಖಬರಿರಲಿಲ್ಲ, ನಿಜ. ತಲೆ ಹಗುರಾಗಿತ್ತು, ಕಾಲು ಹಗುರಾಗಿತ್ತು, ದಸರಾ ಹತ್ತಿರ ಬರುತ್ತಿತ್ತು.

ಮಹಾನವಮಿಗೆ ನಾಲ್ಕು ದಿನವಿರುವಾಗ ಇಪ್ಪತ್ತೊಂದು ಸಾವಿರ ಸರಿಯಾಗಿ ಕೂಡಿತು, ಒಂದು ರೂಪಾಯಿ ಹೆಚ್ಚಿಲ್ಲ. ನಾನು ಒಂದು ಮೊಳ ಮೇಲಿದ್ದೆ. ಕಾಕಾನಿಗೆ ಹೇಳಿ, ಗಾಡಿಯ ಪರವಾನಗಿ ನನ್ನ ಹೆಸರಿಗೆ ಮಾಡಿಸುವುದು ಹೇಗೆಂದು ಕೇಳಲು ಪುರಸಭೆಯ ಕಾರಕೂನರಾದ ಪ್ರಲ್ಹಾದರಾಯರ ಹತ್ತಿರ ಹೋದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ನೋಡಲು ಅವರು ಕತ್ತು ಎತ್ತಬೇಕಾಯಿತು.

"ಕೆಳಗ ಬಂದು ಸಹಿ ಮಾಡ್ರಿ, ಐದು ನಿಮಿಷದ ಕೆಲಸ," ಎಂದರು.

ಆಗ ನನಗೆ ನೆನಪಾಯಿತು. ಊರಿನ ಕಾನೂನು ನನಗೆ ಗೊತ್ತಿಲ್ಲದ್ದೇನಲ್ಲ, ಕುದುರೆಯ ಹುಚ್ಚಿನಲ್ಲಿ ಮರೆತೇ ಹೋಗಿತ್ತು. ಮನೆಯಾಗಲಿ ಗಾಡಿಯಾಗಲಿ, ಕೊಳ್ಳುವವರ ಎರಡೂ ಪಾದ ನೆಲ ಮುಟ್ಟಿರಬೇಕು. ರಾಯರು ಹಿಮ್ಮಡಿಯ ಕೆಳಗೆ ಒಂದು ರಟ್ಟು ತೂರಿಸಿ ನೋಡುತ್ತಾರೆ. ರಟ್ಟು ಆಚೆ ಹೋಯಿತೋ, ಸಹಿಗೆ ಬೆಲೆಯಿಲ್ಲ. ಅದಕ್ಕೇ ಮನೆ ಕೊಳ್ಳುವವರು ಮೊದಲು ಓಣಿಗೆಲ್ಲ ಹೋಳಿಗೆ ಊಟ ಹಾಕಿಸುತ್ತಾರೆ, ದಂಡಖರ್ಚು ಮಾಡಿ ಕೆಳಗೆ ಬಂದು ಆಮೇಲೆ ಸಹಿ ಹಾಕುತ್ತಾರೆ. ನನ್ನ ಹತ್ತಿರ ಊಟಕ್ಕೆಲ್ಲಿದೆ? ಕಚೇರಿಯ ಹೊರಗೆ ಹತ್ತು ರೂಪಾಯಿಗೆ ಗಾಳಿಗೆ ತಿರುಗುವ ಒಂದು ಕಾಗದದ ಗಿರಗಿಟ್ಟೆ ಕೊಂಡೆ. ಗೋಧಿಕಾಳಿನ ಕಾಲುಭಾಗದಷ್ಟು ಇಳಿದೆನೋ ಇಲ್ಲವೋ. ಇಳಿಯುವ ತನಕ ಹೀಗೇ ಕೊಳ್ಳುತ್ತ ಹೋದರೆ ಊರಿನ ಗಿರಗಿಟ್ಟೆಯೆಲ್ಲ ನನ್ನದಾಗುತ್ತದೆ, ಕುದುರೆ ಆಗುವುದಿಲ್ಲ. ಆ ಹತ್ತು ರೂಪಾಯಿ ತುಂಬಲು ಮರುದಿನ ಹೆಚ್ಚಿಗೆ ರೊಟ್ಟಿ ಬಡಿದೆ.

"ಹಂಗಿದ್ರ ಅವ್ವ ಸಹಿ ಮಾಡಲಿ," ಎಂದರು ನಮ್ಮ ಮನೆಯವರು. "ಅವ್ವ ನೆಲದ ಮ್ಯಾಲೇ ಇದ್ದಾಳಲ್ಲ."

"ಒಲ್ಲೆ," ಎಂದರು ಅತ್ತೆ. "ದಂಡಖರ್ಚಿಗೆ ಹೆಬ್ಬಟ್ಟು ಒತ್ತಾಕಿ ನಾ ಅಲ್ಲ."

ಪ್ರಲ್ಹಾದರಾಯರೇ ಒಂದು ದಾರಿ ಹೇಳಿದ್ದರು. ಮೊದಲು ದುಡ್ಡು ಮಾರುವವನ ಕೈಗೆ, ಆಮೇಲೆ ರಟ್ಟು, ಆಮೇಲೆ ಸಹಿ. ದುಡ್ಡು ಕೈಬಿಟ್ಟ ಕೂಡಲೆ ಕೊಂಡವಳು ಕೆಳಗೆ ಬಂದರೆ ಸರಿ, ಬರದಿದ್ದರೆ ದುಡ್ಡು ವಾಪಸು, ಮುಂದಿನ ಗಿರಾಕಿ. ನಾನು ಕೂತು ಲೆಕ್ಕ ಹಾಕಿದೆ. ಟಾಂಗಾ ಅವಶ್ಯವಾದರೆ ಇಪ್ಪತ್ತೊಂದು ಸಾವಿರ ಕೊಟ್ಟರೂ ನಾನು ಒಂದು ಮೊಳ ಮೇಲೇ ನಿಂತಿರುತ್ತೇನೆ. ಕುದುರೆ ಬ್ಯಾಂಡಿನವನ ಪಾಲು. ಟಾಂಗಾ ದಂಡವಾದರೆ ಮಾತ್ರ ನಾನು ಕೆಳಗೆ ಬರುತ್ತೇನೆ, ಚಮೇಲಿ ನನ್ನದಾಗುತ್ತದೆ. ಆರು ತಿಂಗಳು ಗಂಟಲು ಹರಿದುಕೊಂಡು ಅವಶ್ಯ, ಅವಶ್ಯ ಎಂದವಳು ಈಗ ಅತ್ತೆಯ ಮಾತೇ ನಿಜವಾಗಲಿ ಎಂದು ಹರಕೆ ಹೊರಬೇಕಾಗಿ ಬಂತು. ಹೊತ್ತೆ. ಯಾರಿಗೂ ಹೇಳಲಿಲ್ಲ.

ಸಹಿಯ ದಿನ ಬೆಳಿಗ್ಗೆ ಜೋರು ಗಾಳಿ. ಅತ್ತೆ ಒಂದು ಕೈಯಲ್ಲಿ ನನ್ನನ್ನು, ಇನ್ನೊಂದು ಕೈಯಲ್ಲಿ ಮಗನನ್ನು ಹಿಡಿದುಕೊಂಡು, ಸಂತೆಯಿಂದ ಎರಡು ಕೋಳಿ ಕೊಂಡು ಬರುವವರ ಹಾಗೆ ಕಚೇರಿಗೆ ನಡೆದರು. ಹೊರಗೆ ಬೇವಿನ ಮರದ ಕೆಳಗೆ ಚಮೇಲಿ ನಿಂತಿತ್ತು. ಒಳಗೆ ಕಾಕಾ ಇದ್ದ, ರಾಯರಿದ್ದರು, ಬೆಂಚಿನ ಮೇಲೆ ಬ್ಯಾಂಡ್ ಕಂಪನಿಯ ಮಾಲಕನೂ ಇದ್ದ. ಅವನು ಎರಡೂ ಬೂಟು ನೆಲಕ್ಕೆ ಒತ್ತಿ, ಎಲೆ ಜಗಿಯುತ್ತ, ಪಕ್ಕದಲ್ಲಿ ಮಿಠಾಯಿ ಪೊಟ್ಟಣ ಇಟ್ಟುಕೊಂಡು, ಹತ್ತು ಬೆರಳಿಗೆ ಏಳು ಉಂಗುರ ಹಾಕಿಕೊಂಡು ಕೂತಿದ್ದ. ಅವನ ಕಾಲಿನ ಕೆಳಗೆ ಗಾಳಿಯೂ ನುಸುಳುವಂತಿರಲಿಲ್ಲ. "ನಡೀಲಿ ಅಕ್ಕಾರ, ನಿಮ್ಮದಾಗಲಿ ಮೊದಲ. ನನಗೇನ ಅವಸರಿಲ್ಲ," ಎಂದ. ಆ ಸಮಾಧಾನ ಕಂಡು ನನ್ನ ಮೈ ಉರಿಯಿತು.

ನೋಟಿನ ಕಟ್ಟನ್ನು ಕಾಕಾನ ಕೈಗೆ ಇಟ್ಟೆ. ಅವನು ಎಣಿಸಿದ, ನಿಧಾನವಾಗಿ, ಬೆರಳಿಗೆ ಉಗುಳು ಹಚ್ಚಿ ಹಚ್ಚಿ. ಎಣಿಸುವ ತನಕ ನಾನು ಅಲುಗಲಿಲ್ಲ. ಕಟ್ಟು ಅವನ ಕೋಟಿನ ಒಳಕಿಸೆಗೆ ಹೋದದ್ದೇ ತಡ, ಬಾವಿಗೆ ಬಿಟ್ಟ ಕೊಡದ ಹಾಗೆ ಸರಸರ ಇಳಿದೆ. ಮೊಳ ಹೋಯಿತು, ಗೇಣು ಹೋಯಿತು, ನಮ್ಮ ಮನೆಯವರು "ಬಂತು, ಬಂತು," ಎನ್ನುತ್ತ ಮೇಲಿನಿಂದ ಎರಡೂ ಕೈ ತಟ್ಟತೊಡಗಿದರು. ಒಂದು ಬೆರಳು ಉಳಿದಿರುವಾಗ ನಿಂತೆ. ನಿಂತೇ ಬಿಟ್ಟೆ. ಉಸಿರು ಬಿಟ್ಟೆ, ಮೊಣಕಾಲು ಮಡಚಿದೆ, ಕಾಲ್ಬೆರಳು ಚಾಚಿದೆ, ಉಹೂಂ. ರಾಯರು ಕುರ್ಚಿಯಿಂದ ಎದ್ದು, ಬಗ್ಗಿ, ರಟ್ಟು ತೂರಿಸಿದರು. ಅದು ಈ ಕಡೆಯಿಂದ ಹೋಗಿ ಆ ಕಡೆ ಬಂತು.

"ಆಗೂದಿಲ್ಲ ನೋಡ್ರಿ," ಎಂದರು. ಅವರಿಗೂ ಬೇಜಾರಾಗಿತ್ತು. "ಒಂದು ಬೆರಳಷ್ಟು ಅವಶ್ಯ ಅದ ನಿಮ್ಮ ಟಾಂಗಾ."

ಆ ಒಂದು ಬೆರಳು ಯಾವುದೆಂದು ನನಗೆ ಗೊತ್ತಾಗಿ ಹೋಯಿತು. ಆಟೋದ ಬಾಡಿಗೆ. ರೊಟ್ಟಿ, ಸಾಲಿ ಹುಡುಗರು, ಲದ್ದಿ, ನಾನೇ ಒಂದೊಂದಾಗಿ ಪೇರಿಸಿ ಹೇಳಿದ್ದೆನಲ್ಲ, ಆ ಮಾತುಗಳೆಲ್ಲ ಈಗ ನನ್ನ ಕಾಲಿನ ಕೆಳಗೆ ಬಂದು ಕೂತಿದ್ದವು. ಬ್ಯಾಂಡಿನವನು ಬೆಂಚಿನಿಂದ ಎದ್ದು ಬಾಯೊರೆಸಿಕೊಂಡ. ಕಾಕಾ ಒಳಕಿಸೆಗೆ ಕೈ ಹಾಕಿದ, ದುಡ್ಡು ವಾಪಸು ಕೊಡಲು. ನನಗೆ ಅಳು ಬಂತು. ಚಮೇಲಿಯ ಕಾಲಿನ ಹತ್ತಿರ ಪಟಾಕಿಯ ಸರ ಸಿಡಿಯುವುದು ಕಣ್ಣಿಗೆ ಕಟ್ಟಿತು.

ಆಗ ಅತ್ತೆ ಮುಂದೆ ಬಂದು ನನ್ನ ಗದ್ದ ಹಿಡಿದು ತಮ್ಮ ಕಡೆಗೆ ತಿರುಗಿಸಿಕೊಂಡರು. ಈಗ ನಾವು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿದ್ದೆವು.

"ಖರೇ ಹೇಳು ನೀಲಾ. ರೊಟ್ಟಿ ಸಲುವಾಗಿ ಬೇಕೇನು ನಿನಗ ಈ ಕುದುರಿ?"

"ಅಲ್ರಿ," ಎಂದೆ.

"ಮತ್ತ?"

ನಾಲ್ಕು ಜನ ನೋಡುತ್ತಿದ್ದರು. ಅತ್ತೆ ಗದ್ದ ಬಿಡಲಿಲ್ಲ. "ಸುಮ್ನ ಬೇಕ್ರಿ," ಎಂದೆ. "ಲಗಾಮ ಕೈಯಾಗ ಹಿಡಕೊಂಡ್ರ ಹೊಟ್ಟ್ಯಾಗ ಒಂಥರಾ ಆಗ್ತೈತ್ರಿ ಅತ್ತಿ. ಅದಕ್ಕ ಬೇಕು. ರೊಟ್ಟಿ ಬುಟ್ಟಿ ಆಟೋದಾಗ ಹೋಗ್ಲಿ. ಸಾಲಿ ಹುಡುಗರು ನಡಕೊಂಡ ಹೋಗ್ಲಿ. ಟಾಂಗಾದಾಗ ಒಂದ ಕಾಯಿಪಲ್ಯೆ ಚೀಲಾನೂ ಇಡೂದಿಲ್ಲ. ಇದರಿಂದ ಯಾರಿಗೂ ಏನೂ ಉಪಯೋಗಿಲ್ಲ. ಆದ್ರೂ ನನಗ ಬೇಕು."

ಟಪ್ಪೆಂದು ಸದ್ದಾಯಿತು. ಕಚೇರಿಯ ಫರಸಿ ಕಲ್ಲು ಅಂಗಾಲಿಗೆ ತಣ್ಣಗೆ ತಾಗಿತು. ತಿಂಗಳುಗಟ್ಟಲೆ ನೆಲ ಮುಟ್ಟದ ಪಾದಕ್ಕೆ ಅದು ಎಷ್ಟು ತಣ್ಣಗಿತ್ತೆಂದರೆ ನನಗೆ ಕಚಗುಳಿಯಾಗಿ ನಗು ಬಂತು, ಕಣ್ಣಲ್ಲಿ ನೀರು ಇರುವಾಗಲೇ. ರಾಯರು ರಟ್ಟು ತಂದರು. ಹಿಮ್ಮಡಿಗೆ ತಾಗಿ ಅದು ನಿಂತಿತು. ಇನ್ನೊಂದು ಪಾದಕ್ಕೆ ಹಿಡಿದರು, ಅಲ್ಲಿಯೂ ನಿಂತಿತು. ಒತ್ತಿ ನೋಡಿದರು, ರಟ್ಟಿನ ಮೂಲೆ ಮಡಚಿತು. ಅವರು ಮೇಜಿಗೆ ಹೋಗಿ ದೊಡ್ಡ ವಹಿ ತೆಗೆದು, 'ಹೆಸರು' ಎಂಬಲ್ಲಿ ನನ್ನ ಹೆಸರು ಬರೆದು, 'ಉಪಯೋಗ' ಎಂಬ ಅಂಕಣದ ಹತ್ತಿರ ಬಂದು ಪೆನ್ನು ನಿಲ್ಲಿಸಿದರು. ಆಮೇಲೆ ತಮ್ಮಷ್ಟಕ್ಕೆ ತಾವೇ ತಲೆಯಾಡಿಸಿ, ದುಂಡಗಿನ ಅಕ್ಷರದಲ್ಲಿ 'ಸುಮ್ಮನೆ' ಎಂದು ಬರೆದು ಮೊಹರು ಹಾಕಿದರು. ನಾನು ಅದರ ಕೆಳಗೆ ಸಹಿ ಮಾಡಿದೆ.

ಬ್ಯಾಂಡಿನವನು ಮಿಠಾಯಿ ಪೊಟ್ಟಣ ಬಿಚ್ಚಿ ಎಲ್ಲರಿಗೂ ಒಂದೊಂದು ಕೊಟ್ಟ, ಅವನಿಗೆ ಕೊಡುವುದರಲ್ಲಿ ಕೈ ಹಿಡಿತವಿಲ್ಲ. ಅಷ್ಟು ಕೆಟ್ಟವನಲ್ಲ ಅಂತ ಆಗ ಅನಿಸಿತು. ಹೊರಗೆ ಬಂದು ಕಾಕಾ ಚಮೇಲಿಯ ಹಣೆಗೆ ತನ್ನ ಹಣೆ ಹಚ್ಚಿ ಒಂದು ನಿಮಿಷ ನಿಂತ. ಏನೋ ಹೇಳಿದ, ನಮಗೆ ಕೇಳಿಸಲಿಲ್ಲ. ಲಗಾಮನ್ನು ನನ್ನ ಕೈಗೆ ಕೊಟ್ಟು, "ಇಳಿಜಾರದಾಗ ಸಡ್ಲ ಬಿಡು ತಂಗಿ, ಆಕಿಗೆ ಅದು ಸೇರ್ತೈತಿ," ಎಂದು ಹಿಂದಿರುಗಿ ನೋಡದೆ ಹೋದ. ಹೋಗುವಾಗ ಅವನ ನಡಿಗೆ ಭಾರವಾಗಿತ್ತು, ಅದು ಖರ್ಚಿನ ಭಾರವಲ್ಲ.

ನಾನು ಮುಂದೆ ಹತ್ತಿದೆ. ಕಾಲು ಹಲಗೆಯ ಮೇಲೆ ಧಡ್ ಎಂದು ಕೂತಿತು, ಆ ಸದ್ದು ಇನ್ನೊಮ್ಮೆ ಕೇಳಲೆಂದೇ ಕಾಲೆತ್ತಿ ಮತ್ತೆ ಇಟ್ಟೆ. ನಮ್ಮ ಮನೆಯವರು ಇನ್ನೂ ಎರಡು ಗೇಣು ಮೇಲೇ ಇದ್ದರು. ಅವರು ಗಾಡಿಯ ಹಿಂದಿನ ಸರಳು ಹಿಡಿದು ತೇಲುತ್ತ, ಎಲ್ಲಿ ಏನು ಬರೆಯಬೇಕೆಂದು ಆಗಲೇ ಕಣ್ಣಲ್ಲಿ ಅಳೆಯುತ್ತಿದ್ದರು. ಅತ್ತೆ ಮಾತ್ರ ದೂರ ನಿಂತಿದ್ದರು. ಗಾಲಿ ನೋಡಿದರು, ಮೆತ್ತೆ ಒತ್ತಿ ನೋಡಿದರು. ಕುದುರೆಯ ಕಡೆಗೆ ಅಷ್ಟು ಲಕ್ಷ್ಯವಿಲ್ಲದವರಂತೆ ಒಂದು ಸುತ್ತು ಹಾಕಿ ಬಂದು, ನನ್ನ ಪಕ್ಕದಲ್ಲಿ ಹತ್ತಿ ಕೂತರು.

"ನನ್ನನ್ನ ಮಠದ ತನಕ ಬಿಡು," ಎಂದರು. "ಮೊಣಕಾಲು ನೋಯಾಕತ್ತಾವು."

"ಅದು ಬೇಕಾದ ಕೆಲಸ ಆತಲ್ರಿ ಅತ್ತಿ," ಎಂದೆ. "ಬೇಕಾದ್ದಕ್ಕ ಆಟೋ ಐತಿ."

ಅತ್ತೆ ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ಮುಂದೆ ಚಮೇಲಿಯ ಬೆನ್ನು, ಅದರ ಆಚೆಗೆ ಇಳಿಜಾರಾಗಿ ಬಜಾರಕ್ಕೆ ಬೀಳುವ ರಸ್ತೆ ನೋಡಿದರು. ಸೆರಗನ್ನು ತಲೆಯ ಮೇಲೆ ಎಳೆದು, ಗಾಳಿಗೆ ಹಾರದ ಹಾಗೆ ತುದಿಯನ್ನು ಬಿಗಿಯಾಗಿ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಪಕ್ಕದ ಸರಳು ಹಿಡಿದರು.

"ಹಂಗಾದ್ರ ಎಲ್ಲಿಗೂ ಬ್ಯಾಡ," ಎಂದರು. "ಸುಮ್ನ ಹೊಡಿ."